ಬೇಡಿಕೆಗೆ ಮೊದಲು ಲೆಕ್ಕ: ಆಯವ್ಯಯದಲ್ಲಿ ಜನರ ಪಾಲ್ಗೊಳ್ಳುವಿಕೆ ಮತ್ತು ವಿಶ್ವಾಸ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

1. ಪೀಠಿಕೆ

ಬರುವ ವರ್ಷ ಊರಿನ ಯಾವ ಕೆಲಸ ಮೊದಲು ಆಗಬೇಕು, ಯಾವುದು ಕಾಯಬೇಕು ಎಂಬ ತೀರ್ಮಾನವನ್ನು ಗ್ರಾಮ ಪಂಚಾಯಿತಿಯು ತನ್ನ ಆಯವ್ಯಯದ ಮೂಲಕ ಕೈಗೊಳ್ಳುತ್ತದೆ. ಈ ತೀರ್ಮಾನದಲ್ಲಿ ಗ್ರಾಮಸ್ಥರಿಗೂ ಪಾಲಿರಬೇಕೆಂಬುದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಆಶಯ. ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದೆಂದು ಅಧಿನಿಯಮವು ವಿಧಿಸಿರುವುದು ಈ ಕಾರಣದಿಂದಲೇ.

ಆದರೂ ಗ್ರಾಮ ಸಭೆಯ ಹಾಜರಾತಿ ಸಭೆಯಿಂದ ಸಭೆಗೆ ಕುಗ್ಗುವುದುಂಟು. ಜನರಿಗೆ ಆಸಕ್ತಿಯಿಲ್ಲವೆಂದು ಕಾರಣ ಹೇಳುವುದು ಸುಲಭ. ಕಳೆದ ಸಭೆಯಲ್ಲಿ ಬರೆಸಿದ ಬೇಡಿಕೆ ಏನಾಯಿತೆಂದು ತಿಳಿಯದವರು ಮತ್ತೆ ಬರಲು ಹಿಂಜರಿಯುತ್ತಾರೆ ಎಂಬುದನ್ನೂ ಸದಸ್ಯರು ಗಮನಿಸಬೇಕು. ಈ ವಿಷಯದಲ್ಲಿ ಬ್ರೆಜಿಲ್ ದೇಶದ ಒಂದು ನಗರದ ಅನುಭವವು ಅಧ್ಯಯನಯೋಗ್ಯವಾಗಿದೆ.

2. ಪೋರ್ಟೊ ಅಲೆಗ್ರೆ ನಗರದ ಅನುಭವ

ಹನ್ನೆರಡು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಜನರೇ ಆಯವ್ಯಯದ ಆದ್ಯತೆಗಳನ್ನು ನಿರ್ಧರಿಸುವ ಪದ್ಧತಿ ಆರಂಭವಾಯಿತು. ನಗರವನ್ನು 16 ವಲಯಗಳಾಗಿ ವಿಂಗಡಿಸಿ, ವಲಯವಾರು ಸಭೆಗಳನ್ನು ನಡೆಸಿ, ಪ್ರತಿನಿಧಿಗಳನ್ನು ಆರಿಸಲಾಯಿತು.

ಆರಂಭ ಉತ್ಸಾಹದಾಯಕವಾಗಿರಲಿಲ್ಲ. ಆದಾಯದ ಬಹುಭಾಗ ಸಿಬ್ಬಂದಿ ವೇತನಕ್ಕೇ ಹೋಗುತ್ತಿದ್ದುದರಿಂದ ಜನರು ಕೇಳಿದ ಕಾಮಗಾರಿಗಳಿಗೆ ಹಣವಿರಲಿಲ್ಲ. 1990ರಲ್ಲಿ ಸಭೆಗಳಿಗೆ ಬಂದವರು ಸುಮಾರು ಒಂದು ಸಾವಿರ ಮಂದಿ ಮಾತ್ರ. ನಂತರ ನಗರಾಡಳಿತವು ತೆರಿಗೆ ವ್ಯವಸ್ಥೆಯನ್ನು ಸುಧಾರಿಸಿ ಆದಾಯವನ್ನು ಹೆಚ್ಚಿಸಿಕೊಂಡಿತು. ಹಂಚಿಕೆಗೆ ಮೂರು ಮಾನದಂಡಗಳನ್ನು ಬಹಿರಂಗವಾಗಿ ಇರಿಸಿತು: ವಲಯದ ಜನಸಂಖ್ಯೆ, ಅಲ್ಲಿನ ಸೌಲಭ್ಯದ ಕೊರತೆ ಹಾಗೂ ನಿವಾಸಿಗಳೇ ನೀಡಿದ ಆದ್ಯತೆ. ಪ್ರತಿ ವರ್ಷದ ಮೊದಲ ಸುತ್ತಿನ ಸಭೆಗಳಲ್ಲಿ ಹಿಂದಿನ ವರ್ಷ ಒಪ್ಪಿಕೊಂಡ ಕಾಮಗಾರಿಗಳ ಲೆಕ್ಕವನ್ನು ಜನರ ಮುಂದಿಡಲಾಗುತ್ತಿತ್ತು.

ದಶಕದ ಕೊನೆಗೆ ಪಾಲ್ಗೊಂಡವರ ಸಂಖ್ಯೆ ಹತ್ತು ಸಾವಿರವನ್ನು ಮೀರಿತು. 1989ರಲ್ಲಿ ಸುಮಾರು ಶೇ. 46ರಷ್ಟು ಮನೆಗಳಿಗಿದ್ದ ಒಳಚರಂಡಿ ಸಂಪರ್ಕವು 1996ರ ವೇಳೆಗೆ ಸುಮಾರು ಶೇ. 85ಕ್ಕೆ ಏರಿತು.

ಈ ಅನುಭವದ ಉತ್ತರಾರ್ಧವೂ ಮುಖ್ಯ. 2000ದ ನಂತರದ ವರ್ಷಗಳಲ್ಲಿ ಒಪ್ಪಿಗೆಯಾದ ಕಾಮಗಾರಿಗಳು ಬಾಕಿ ಉಳಿಯತೊಡಗಿದವು. ಪದ್ಧತಿಯ ಮೇಲಿನ ನಂಬಿಕೆ ಸಡಿಲವಾಯಿತು. 2017ರಲ್ಲಿ ನಗರಾಡಳಿತವು ಅದನ್ನು ಸ್ಥಗಿತಗೊಳಿಸಿತು. ಕೊಟ್ಟ ಮಾತಿನ ಲೆಕ್ಕ ಒಪ್ಪಿಸಿದಾಗ ಬೆಳೆದ ವಿಶ್ವಾಸವು ಮಾತು ಬಾಕಿ ಉಳಿದಾಗ ಕರಗಿತು.

3. ನಮ್ಮ ಪಂಚಾಯಿತಿಗಳಿಗೆ ಅನ್ವಯ

ಈ ಕಾರ್ಯಕ್ಕೆ ಬೇಕಾದ ಸಾಧನಗಳು ಪಂಚಾಯಿತಿಗಳ ಕೈಯಲ್ಲೇ ಇವೆ. ಅವುಗಳನ್ನು ಬಳಸುವ ಕ್ರಮ ಹೀಗಿರಬಹುದು:

(ಅ) ಅನುಪಾಲನಾ ವರದಿ ಮೊದಲು: ಹೊಸ ಬೇಡಿಕೆಗಳನ್ನು ಬರೆದುಕೊಳ್ಳುವ ಮುನ್ನ ಹಿಂದಿನ ಸಭೆಯ ನಡಾವಳಿಯಲ್ಲಿರುವ ಪ್ರತಿ ಬೇಡಿಕೆಯನ್ನೂ ಓದಿ, ‘ಮುಗಿದಿದೆ’, ‘ನಡೆಯುತ್ತಿದೆ’, ‘ಆಗಲಿಲ್ಲ’ ಎಂದು ತಿಳಿಸುವುದು. ಆಗದಿದ್ದುದಕ್ಕೆ ಕಾರಣವನ್ನು ಹೇಳುವುದು.

(ಆ) ಹಣದ ಮಿತಿ ತಿಳಿಸುವುದು: ಉದಾಹರಣೆಗೆ, 15ನೇ ಹಣಕಾಸು ಆಯೋಗದ 2021–26ರ ಅವಧಿಯ ಅನುದಾನದಲ್ಲಿ ಶೇ. 60 ಭಾಗವು ಕುಡಿಯುವ ನೀರು, ನೈರ್ಮಲ್ಯ ಮುಂತಾದ ಉದ್ದೇಶಗಳಿಗೆ ನಿರ್ಬಂಧಿತವಾಗಿತ್ತು. ಅಂದರೆ 10 ಲಕ್ಷ ರೂಪಾಯಿ ಬಂದರೆ ಇತರ ಸ್ಥಳೀಯ ಅಗತ್ಯಗಳಿಗೆ ದೊರೆಯುತ್ತಿದ್ದುದು 4 ಲಕ್ಷ ಮಾತ್ರ. ಇದು ಸಭೆಗೆ ಮೊದಲೇ ತಿಳಿದಿದ್ದರೆ ‘ಹಣ ಬಂದರೂ ರಸ್ತೆ ಮಾಡಲಿಲ್ಲ’ ಎಂಬ ಸಂಶಯಕ್ಕೆ ಎಡೆಯಿರುವುದಿಲ್ಲ.

(ಇ) ಆದ್ಯತೆಯ ಮಾನದಂಡ: ಯಾವ ಬಡಾವಣೆಯ ಕೆಲಸ ಮೊದಲು ಎಂಬುದಕ್ಕೆ ಸಭೆಯಲ್ಲೇ ಮಾನದಂಡವನ್ನು ಒಪ್ಪಿಕೊಂಡು ನಡಾವಳಿಯಲ್ಲಿ ದಾಖಲಿಸುವುದು. ಸೌಲಭ್ಯ ತೀರಾ ಕಡಿಮೆಯಿರುವ ಕೇರಿಗಳ ದನಿ ಆಗ ಸಂಖ್ಯಾಬಲದಲ್ಲಿ ಮುಳುಗದು.

(ಈ) ಕರದ ಲೆಕ್ಕ: ಮನೆ ಕಂದಾಯ ಮತ್ತು ನೀರಿನ ಕರದಿಂದ ವಸೂಲಾದ ಮೊತ್ತವನ್ನೂ ಅದು ಯಾವ ಕೆಲಸಕ್ಕೆ ವಿನಿಯೋಗವಾಯಿತೆಂಬುದನ್ನೂ ಸೂಚನಾ ಫಲಕದಲ್ಲಿ ಪ್ರಕಟಿಸುವುದು. ತನ್ನ ಹಣ ಬೀದಿದೀಪವಾಗಿ ಉರಿಯುವುದನ್ನು ಕಂಡವರಿಂದ ಕರ ಕೇಳುವುದು ಸುಲಭ.

(ಉ) ಜಮಾಬಂದಿ: ವರ್ಷದ ಲೆಕ್ಕಪತ್ರ ಹಾಗೂ ಕಾಮಗಾರಿಗಳ ಪರಿಶೀಲನೆ ನಡೆಯುವ ಈ ಸಂದರ್ಭದಲ್ಲಿ, ಆಯವ್ಯಯದ ಸಭೆಗೆ ಬಂದಿದ್ದ ಗ್ರಾಮಸ್ಥರನ್ನೂ ವಿಶೇಷವಾಗಿ ಆಹ್ವಾನಿಸುವುದು.

4. ಸಾರಾಂಶ

ಎಲ್ಲ ಬೇಡಿಕೆಗಳನ್ನೂ ಈಡೇರಿಸುವುದು ಯಾವ ಪಂಚಾಯಿತಿಗೂ ಸಾಧ್ಯವಿಲ್ಲ. ಪ್ರತಿ ಬೇಡಿಕೆಗೂ ಉತ್ತರ ಕೊಡುವುದು ಎಲ್ಲ ಪಂಚಾಯಿತಿಗಳಿಗೂ ಸಾಧ್ಯ. ಕಾರಣಸಹಿತವಾಗಿ ‘ಆಗದು’ ಎಂದ ಸದಸ್ಯರನ್ನು ಜನರು ಮರಳಿ ನಂಬುತ್ತಾರೆ. ‘ನೋಡೋಣ’ ಎಂದು ಬರೆದುಕೊಂಡು ಮರೆತವರನ್ನು ನಂಬುವುದು ಕಷ್ಟ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿಯ ಕಳೆದ ಗ್ರಾಮ ಸಭೆಯ ಬೇಡಿಕೆಗಳಲ್ಲಿ ಎಷ್ಟಕ್ಕೆ ಉತ್ತರ ನೀಡಲಾಗಿದೆ?
2. ಮಹಿಳೆಯರು ಮತ್ತು ಕೂಲಿ ಕಾರ್ಮಿಕರು ಭಾಗವಹಿಸಲು ಸಭೆಯ ದಿನ, ವೇಳೆ, ಸ್ಥಳ ಅನುಕೂಲವಾಗಿವೆಯೇ?
3. ತಮ್ಮ ವಾರ್ಡಿನ ಯಾವ ಕೇರಿಯಿಂದ ಈವರೆಗೆ ಒಂದು ಬೇಡಿಕೆಯೂ ಬಂದಿಲ್ಲ? ಅದಕ್ಕೆ ಕಾರಣವೇನು?