ಬೇರು ತಿಳಿದು ಆಡುವ ಮಾತು: ಆಮೆನ್ ಮತ್ತು ಶಾಲೋಮ್



ಬಲಿಪೂಜೆಯಲ್ಲಿ ನಾವೆಲ್ಲರೂ ಹೀಬ್ರೂ ಮಾತನಾಡುತ್ತೇವೆ. ಆಮೆನ್, ಅಲ್ಲೆಲೂಯ, ಹೊಸಾನ್ನ ಈ ಮೂರೂ ಆ ಭಾಷೆಯ ಶಬ್ದಗಳೇ. ಆದರೆ ಅವುಗಳ ಬೇರನ್ನು ಬಲ್ಲವರು ನಮ್ಮಲ್ಲಿ ವಿರಳ.

ಹೀಬ್ರೂ ನಮಗೆ ಅಷ್ಟೇನೂ ದೂರದ್ದಲ್ಲ. ಹೂವಿನಹಡಗಲಿಯಿಂದ ತುಂಗಭದ್ರೆಯ ಜಾಡು ಹಿಡಿದು ಹೋದರೆ ಹಂಪಿ ಸಿಗುತ್ತದೆ. ಸೈನ್ಯಸೇವೆ ಮುಗಿಸಿದ ಇಸ್ರೇಲಿನ ಯುವಕ ಯುವತಿಯರು ಅಲ್ಲಿಗೆ ಬಂದು, ಹೊಳೆಯಾಚೆಯ ವಿರುಪಾಪುರ ಗಡ್ಡೆಯಲ್ಲಿ ತಂಗುತ್ತಿದ್ದರು. ಅಲ್ಲಿ ಹೀಬ್ರೂ ಅಕ್ಷರದ ಫಲಕಗಳೂ ಕಾಣುತ್ತಿದ್ದವು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರಲ್ಲಿ ಅಲ್ಲಿನ ಅನಧಿಕೃತ ವಸತಿಗೃಹಗಳು ತೆರವಾದವು.

ಈ ಭಾಷೆಯಲ್ಲಿರುವುದು 22 ಅಕ್ಷರಗಳು. ಬರೆಯುವುದು ಬಲದಿಂದ ಎಡಕ್ಕೆ. ಕನ್ನಡದಲ್ಲಿ 'ನಡೆ' ಎಂಬ ಧಾತುವಿನ ಕೊನೆಗೆ ಪ್ರತ್ಯಯ ಸೇರಿ ನಡಿಗೆ, ನಡತೆ, ನಡವಳಿಕೆ ಹುಟ್ಟುತ್ತವೆ. ಹೀಬ್ರೂವಿನಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳೇ ಬೇರು. ಅವುಗಳ ನಡುವಣ ಸ್ವರ ಬದಲಾದಂತೆ ಶಬ್ದ ಬದಲಾಗುತ್ತದೆ. 'ಕಾತವ್' ಎಂದರೆ ಬರೆದನು. 'ಮಿಖ್ತಾವ್' ಎಂದರೆ ಪತ್ರ. ಇದರ ಸೋದರಭಾಷೆಯಾದ ಅರಬ್ಬಿಯಲ್ಲೂ ಇದೇ ಬೇರಿದೆ. ಅಲ್ಲಿಂದ ಬಂದದ್ದೇ ನಮಗೆ ಪರಿಚಿತವಾದ 'ಕಿತಾಬು'.

ಈಗ ಆಮೆನ್ ಶಬ್ದವನ್ನು ನೋಡೋಣ. ಇದರ ಬೇರಿನ ಅರ್ಥ ಸ್ಥಿರವಾಗಿರುವುದು, ನಂಬಿಕೆಗೆ ಅರ್ಹವಾಗಿರುವುದು. 'ಎಮುನಾ' ಎಂದರೆ ವಿಶ್ವಾಸ. 'ಎಮೆತ್' ಎಂದರೆ ಸತ್ಯ. ರೂತಳ ಗ್ರಂಥದ ಕೊನೆಯಲ್ಲಿ ನವೊಮಿ ಮಗುವನ್ನು ಮಡಿಲಲ್ಲಿರಿಸಿಕೊಂಡು 'ಓಮೆನೆತ್', ಅಂದರೆ ಸಾಕುತಾಯಿ, ಆಗುತ್ತಾಳೆ. ಮಗು ತನ್ನ ಭಾರವನ್ನೆಲ್ಲ ಆ ತೋಳಿನ ಮೇಲೆ ಹಾಕಿ ನಿದ್ರಿಸುತ್ತದೆ. ವಿಶ್ವಾಸವೆಂದರೆ ಅದೇ ಅಲ್ಲವೇ? ಅರಬ್ಬಿಯ ದಾರಿಯಲ್ಲಿ ಇದೇ ಬೇರು ನಮ್ಮ ಕಚೇರಿಗಳಿಗೂ ಬಂದಿದೆ. ಕೋರ್ಟಿನ 'ಅಮೀನ' ಮೂಲತಃ ನಂಬಿಗಸ್ತ. 'ಅಮಾನತ್ತು' ಮೂಲತಃ ನಂಬಿ ಒಪ್ಪಿಸಿದ ವಸ್ತು. ನಂಬಿಕೆ ಕೆಡಿಸಿದವನನ್ನು ಜನ 'ಬೇಇಮಾನ' ಎನ್ನುತ್ತಾರೆ. ಹೀಗಾಗಿ, ದೇವಾಲಯದಲ್ಲಿ ಆಮೆನ್ ಎಂದು ಹೊರಗೆ ಬಂದು ತೂಕದಲ್ಲಿ ಮೋಸಮಾಡುವವನು ತನ್ನ ಬಾಯಿಂದ ಬಂದ ಶಬ್ದವನ್ನು ತಾನೇ ಸುಳ್ಳು ಮಾಡುತ್ತಾನೆ.

ಎರಡನೆಯದು 'ಶಾಲೋಮ್'. ಇದನ್ನು ನಾವು ಶಾಂತಿ ಎಂದು ಅನುವಾದಿಸುತ್ತೇವೆ; ಅದು ಸರಿಯೇ. ಆದರೆ ಬೇರಿನ ಅರ್ಥ ಪೂರ್ಣತೆ. ಧರ್ಮೋಪದೇಶಕಾಂಡದ 27ನೇ ಅಧ್ಯಾಯದಲ್ಲಿ ಬಲಿಪೀಠಕ್ಕೆ ಬಳಸಬೇಕಾದ ಉಳಿ ತಾಗದ ಇಡೀ ಕಲ್ಲುಗಳಿಗೂ ಇದೇ ಬೇರಿನ ಶಬ್ದವಿದೆ. ನಮ್ಮ ಕಡೆ 'ಆರಾಮ ಅದೀರೇನ್ರಿ?' ಎಂದು ಕೇಳುವಂತೆ, ಇಂದಿನ ಇಸ್ರೇಲಿನಲ್ಲಿ ಗಂಡಸನ್ನು 'ಮಾ ಶ್ಲೊಮ್‌ಖಾ?', ಹೆಂಗಸನ್ನು 'ಮಾ ಶ್ಲೊಮೇಖ್?' ಎಂದು ಕೇಳುತ್ತಾರೆ: ನಿನ್ನ ಶಾಲೋಮ್ ಹೇಗಿದೆ?

ಇದೇ ಬೇರಿನಿಂದ ಬಂದ 'ಲೆಶಲ್ಲೆಮ್' ಎಂಬುದಕ್ಕೆ ಹಣ ಪಾವತಿ ಮಾಡು ಎಂದರ್ಥ. ಅಂಗಡಿಯಲ್ಲಿ ದಿನವೂ ಬಳಕೆಯಾಗುವ ಮಾತು ಇದು. ವಿಮೋಚನಾಕಾಂಡದ 21 ಮತ್ತು 22ನೇ ಅಧ್ಯಾಯಗಳಲ್ಲಿ, ಕದ್ದ ಎತ್ತನ್ನು ಕೊಂದವನು ಅಥವಾ ಮಾರಿದವನು ಒಂದಕ್ಕೆ ಐದು ಎತ್ತು ತೆರಬೇಕೆಂಬ ನಿಯಮಕ್ಕೂ ಇದೇ ಕ್ರಿಯಾಪದ. ಕೊರತೆಯಾದದ್ದನ್ನು ತುಂಬಿಕೊಟ್ಟಾಗಲೇ ಪೂರ್ಣತೆ. ಪೂರ್ಣತೆ ಬಂದಾಗಲೇ ಶಾಂತಿ.

ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಕುಟುಂಬಗಳಲ್ಲಿ ಇಲ್ಲವೇ? ಮಲ್ಲಿಗೆ ಬಿಡಿಸಿದವರ ಕೂಲಿಯನ್ನು ನಾಳೆ, ನಾಡಿದ್ದು ಎಂದು ಮುಂದೂಡುವುದಿಲ್ಲವೇ? ಬಾಕಿ ಉಳಿಸಿಕೊಂಡು ಶಾಂತಿಯ ಮಾತಾಡಿದರೆ ಶಾಲೋಮ್ ಆಗದು. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸೋದರನೊಡನೆ ಸಂಧಾನವಾಗಲು ಯೇಸುಸ್ವಾಮಿ ಹೇಳಿದ್ದನ್ನು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಓದಿರಿ.

ಈ ವಾರ ಸಂಜೆಯ ಜಪಸರದ ನಂತರ ಮಕ್ಕಳಿಗೆ ಈ ಎರಡು ಬೇರುಗಳನ್ನು ಹೇಳಿಕೊಡಿ. ಅವರು ಇನ್ನೆರಡು ಶಬ್ದಗಳನ್ನೂ ಕಲಿಯಲಿ: 'ಬೆತ್' ಎಂದರೆ ಮನೆ, 'ಲೆಖೆಮ್' ಎಂದರೆ ರೊಟ್ಟಿ. ಇವು ಕೂಡಿದರೆ ಬೆತ್ಲೆಹೇಮ್, ರೊಟ್ಟಿಯ ಮನೆ. ಹಿರಿಯರಾದ ನಾವು ಯಾರಿಗೆ ಏನು ಬಾಕಿ ಇದೆಯೆಂದು ನೆನೆದು, ಭಾನುವಾರದೊಳಗೆ ಒಂದನ್ನಾದರೂ ತೀರಿಸೋಣ. ಆಗ ಪಕ್ಕದವರಿಗೆ ನಾವು ಕೋರುವ ಶಾಂತಿಗೆ ಅರ್ಥ ಬಂದೀತು.