ಉಸಿರಿಗೆ ಊರಿನ ಆಸರೆ

ಕಲಬುರಗಿ ಜಿಲ್ಲೆ ತೊಗರಿಯ ಕಣಜವೆಂದು ಹೆಸರಾಗಿದೆ. ಚಳಿಗಾಲ ಬಂತೆಂದರೆ ಕಮಲಾಪುರದ ಸುತ್ತಲಿನ ಹೊಲಗಳಲ್ಲಿ ತೊಗರಿಯ ರಾಶಿ ನಡೆಯುತ್ತದೆ. ಹೊಟ್ಟು ಗಾಳಿಯಲ್ಲಿ ಹಾರುತ್ತದೆ. ಸಂಜೆ ತೊಗರಿಕಟ್ಟಿಗೆಯ ಒಲೆಗಳು ಹೊಗೆಯಾಡುತ್ತವೆ. ರೈತನ ಮನೆಗೆ ಸಿರಿ ಬರುವ ಈ ಕಾಲವೇ ಕೆಲವು ಮಕ್ಕಳಿಗೆ ಸಂಕಟದ ಕಾಲ.

ನಾನು ಉಪಾಧ್ಯಾಯನಾಗಿದ್ದಾಗ ಕೂಲಿಕಾರರ ಹುಡುಗನೊಬ್ಬ ಪ್ರತಿವರ್ಷವೂ ಈ ದಿನಗಳಲ್ಲಿ ಶಾಲೆ ತಪ್ಪಿಸುತ್ತಿದ್ದ. ಸೋಮಾರಿಯೆಂದು ಗದರಿಸಿದೆ. ಕೊನೆಗೊಂದು ದಿನ ಅವನ ಮನೆಗೇ ಹೋದೆ. ಹುಡುಗ ಮುಂದಕ್ಕೆ ಬಾಗಿ ಕುಳಿತು, ಭುಜಗಳನ್ನು ಏರಿಳಿಸುತ್ತ ಉಸಿರಿಗಾಗಿ ಹೆಣಗುತ್ತಿದ್ದ. "ದಮ್ಮು ಅದ್ರೀ ಸರ್, ರಾತ್ರಿಯೆಲ್ಲಾ ಹಿಂಗೇ ಕುಂತಾನ" ಎಂದಳು ತಾಯಿ. ಹಾಜರಿ ಪುಸ್ತಕವನ್ನು ನೋಡಿದ್ದ ನಾನು ಹುಡುಗನ ಉಸಿರನ್ನು ಕೇಳಿರಲಿಲ್ಲ.

ಆಡುಮಾತಿನ ದಮ್ಮು, ಬರಹದ ಉಬ್ಬಸ, ವೈದ್ಯರ ಅಸ್ತಮಾ ಎಲ್ಲವೂ ಒಂದೇ. ಶ್ವಾಸನಾಳಗಳ ಒಳಪೊರೆ ಊದಿಕೊಳ್ಳುತ್ತದೆ. ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಕಫ ಕಟ್ಟಿ ಗಾಳಿಯ ದಾರಿ ಕಿರಿದಾಗುತ್ತದೆ. ಧೂಳು, ಹೊಗೆ, ಚಳಿ, ನೆಗಡಿಗಳು ಇದನ್ನು ಕೆರಳಿಸುತ್ತವೆ. ಇದು ಅಂಟುರೋಗವಲ್ಲ. ಹಳ್ಳಿಗಷ್ಟೇ ಸೀಮಿತವಾದುದೂ ಅಲ್ಲ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಪರೀಕ್ಷಿಸಿ, 1979ರಲ್ಲಿ ನೂರಕ್ಕೆ 9ರಷ್ಟಿದ್ದ ಉಬ್ಬಸವು 1999ರಲ್ಲಿ 29.5ಕ್ಕೆ ಏರಿದುದನ್ನು ತೋರಿಸಿದರು. ವಾಹನಗಳ ದಟ್ಟಣೆಯಿರುವ ಕಡೆಯ ಬಡಮಕ್ಕಳಲ್ಲಿ ಅದು ಹೆಚ್ಚಾಗಿ ಕಂಡಿತು.

ಇದಕ್ಕೆ ಮದ್ದಿಲ್ಲವೆ? ಉಂಟು. ಸಾಲ್ಬುಟಮಾಲ್ ಬಿಗಿದ ನಾಳಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಬುಡೆಸೊನೈಡ್ ಎಂಬ ಔಷಧಿಯನ್ನು ವೈದ್ಯರು ಹೇಳಿದಂತೆ ದಿನವೂ ಸೇದಿಕೊಂಡರೆ ಊತ ತಗ್ಗುತ್ತದೆ. ಇನ್‌ಹೇಲರ್‌ನ ಔಷಧಿ ಮಕ್ಕಳ ಎದೆಗಿಳಿಯಲು ಸ್ಪೇಸರ್ ಎಂಬ ಕೊಳವೆ ನೆರವಾಗುತ್ತದೆ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ ಸರಿಯಾಗಿ ಮಾಡಿದ ಸ್ಪೇಸರ್ ಕೂಡ ಅಂಗಡಿಯದರಷ್ಟೇ ಕೆಲಸ ಮಾಡುವುದೆಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ವೈದ್ಯರು 1999ರಲ್ಲಿ ಪ್ರಕಟಿಸಿದರು.

ಹಾಗಾದರೆ ಕೊರತೆ ಯಾವುದು? ಮದ್ದಿಗೂ ಮಗುವಿಗೂ ನಡುವಿನ ದೂರ. ಕಮಲಾಪುರದಿಂದ ಕಲಬುರಗಿಯ ದೊಡ್ಡಾಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ತಪ್ಪುತ್ತದೆ. ಇನ್‌ಹೇಲರ್ ಚಟವಾದೀತೆಂಬ ಹುಸಿ ಭಯ ಒಂದು ಕಡೆ. ಉಸಿರು ಹಗುರಾದೊಡನೆ ಔಷಧಿ ನಿಲ್ಲಿಸುವ ತಪ್ಪು ಇನ್ನೊಂದು ಕಡೆ. ಈ ದೂರವನ್ನು ವೈದ್ಯರೊಬ್ಬರೇ ದಾಟಲಾರರು. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆ ಮನೆಯ ಬಾಗಿಲಿಗೆ ಬರುತ್ತಾಳೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಲ್ಲಿಯೂ ಸರಕಾರಿ ಶಾಲೆಗಳಲ್ಲಿಯೂ ಮಕ್ಕಳನ್ನು ಪರೀಕ್ಷಿಸುತ್ತದೆ. ಅದು ಗುರುತಿಸಬೇಕಾದ ಬೇನೆಗಳಲ್ಲಿ ಉಬ್ಬಸವೂ ಒಂದು. ನಗರದ ಬಡವರಿಗಾಗಿ 2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ 'ನಮ್ಮ ಕ್ಲಿನಿಕ್'ಗಳು ಆರಂಭವಾದವು. ಇವರೊಡನೆ ಮನೆಯೂ ಶಾಲೆಯೂ ಕೈಜೋಡಿಸಬೇಕು.

ಸಹಪಾಠಿಗೆ ಉಬ್ಬಸ ಬಂದರೆ ಸುತ್ತ ಗುಂಪುಗೂಡಬೇಡಿ. ನೆಟ್ಟಗೆ ಕೂರಿಸಿ, ಅವನದೇ ಇನ್‌ಹೇಲರ್ ಕೊಡಿ, ಗುರುಗಳಿಗೆ ತಿಳಿಸಿ. ಮಾತು ಹೊರಡದಿದ್ದರೆ, ತುಟಿ ನೀಲಿಯಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಆ ಹುಡುಗನನ್ನು ವೈದ್ಯರ ಬಳಿಗೆ ಕರೆದೊಯ್ದೆವು. ತಾಯಿ ಒಲೆಯನ್ನು ಅಂಗಳಕ್ಕೆ ಸಾಗಿಸಿದಳು. ಅವನ ಪಾಲಿನ ಕಸಗುಡಿಸುವ ಕೆಲಸವನ್ನು ಗೆಳೆಯರು ಹಂಚಿಕೊಂಡರು. ಮುಂದಿನ ರಾಶಿಯ ಕಾಲದಲ್ಲಿ ನಾನು ಹೆಸರು ಕೂಗಿದಾಗಲೆಲ್ಲ ಹಿಂದಿನ ಸಾಲಿನಿಂದ ಅವನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.