ಎಣ್ಣೆ ಕುಡಿದ ಚೆಂಡು

ಡೆಟ್ರಾಯಿಟ್ ಹತ್ತಿರದ ನಮ್ಮೂರಿನಲ್ಲಿ ನವೆಂಬರ್ ಬಂತೆಂದರೆ ಸಂಜೆ ಐದೂವರೆಗೆಲ್ಲ ಕತ್ತಲು. ಆ ಹೊತ್ತು ಕಳೆಯಲೆಂದೇ ಆಫೀಸಿನವರ ಬೌಲಿಂಗ್ ಲೀಗಿಗೆ ಸೇರಿ, 180 ಡಾಲರ್ ಕೊಟ್ಟು ಸ್ವಂತದ ಚೆಂಡು ಕೊಂಡೆ. ಎರಡನೇ ವರ್ಷ ಅದರ ಗುಣವೇ ಬದಲಾಯಿತು. ಕೊನೆಯಲ್ಲಿ ಒಳಕ್ಕೆ ತಿರುಗಿ ಪಿನ್ನುಗಳಿಗೆ ಬಡಿಯುತ್ತಿದ್ದದ್ದು ನೆಟ್ಟಗೆ ಜಾರಿಹೋಗತೊಡಗಿತು. ಅಂಗಡಿಯಾತ ಇದರ ಕಾಲ ಮುಗಿಯಿತು, ಹೊಸದು ಕೊಳ್ಳಿ ಎಂದ.

ಲೀಗಿನ ಹಿರಿಯರೊಬ್ಬರು ನನ್ನನ್ನು ತಡೆದು ಕಾರಣ ವಿವರಿಸಿದರು. ಚೆಂಡು ಎಸೆಯುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಸಾಮಾನ್ಯವಾಗಿ ಅದರಲ್ಲಿ ಸುಮಾರು 40 ಅಡಿಗೆ ಎಣ್ಣೆ ಬಳಿದಿರುತ್ತಾರೆ. 1990ರ ದಶಕದಲ್ಲಿ ಬಳಕೆಗೆ ಬಂದ ರಿಯಾಕ್ಟಿವ್ ರೆಸಿನ್ ಚೆಂಡುಗಳ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ಹಾಸಿನ ಮೇಲೆ ಹಿಡಿತ ಕೊಡುವುದೂ ಅವೇ, ಎಣ್ಣೆ ಹೀರುವುದೂ ಅವೇ. ಎಣ್ಣೆ ತುಂಬಿಕೊಂಡರೆ ಆ ಹಿಡಿತ ಹೋಗುತ್ತದೆ, ಬಿಸಿನೀರಿನಲ್ಲಿ ಅದ್ದಿ ಎಣ್ಣೆಯನ್ನು ಹೊರತೆಗೆಯಬಹುದು ಎಂದರು.

ಅವರು ಹೇಳಿದಂತೆಯೇ ಮಾಡಿದೆ. ಬೆರಳಿನ ತೂತುಗಳಿಗೆ ನೀರು ಹೋಗದಂತೆ ಟೇಪ್ ಅಂಟಿಸಿ, ಬಕೆಟ್ಟಿನ ತಳಕ್ಕೆ ಟವೆಲ್ ಹಾಸಿ ಚೆಂಡನ್ನಿಟ್ಟೆ. 55 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿಗೆ ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಆರಿದ ತಿಳಿಸಾರಿನ ಮೇಲೆ ತೇಲುವ ಒಗ್ಗರಣೆಯಂತೆ ನೀರಿನ ಮೇಲೆ ಎಣ್ಣೆಯ ಪೊರೆ! ಚೆಂಡನ್ನು ಎತ್ತಿ ಒರೆಸಿದರೆ ಮತ್ತೆ ಸಣ್ಣ ಸಣ್ಣ ಹನಿ ಒಸರುತ್ತಿತ್ತು. ನೀರು ಬದಲಿಸಿ ಮೂರು ಸಲ ಅದ್ದಿದ ಮೇಲೆ ನಿಂತಿತು. ಒಂದು ದಿನ ನೆರಳಲ್ಲಿ ಆರಲು ಬಿಟ್ಟೆ. ಮುಂದಿನ ಬುಧವಾರ ಅದು ಮೊದಲಿನಂತೆ ತಿರುಗಿದಾಗ ಆದ ಸಂತೋಷ ಇನ್ನೂ ನೆನಪಿದೆ. ಸೋಪು ಮನೆಯಲ್ಲೇ ಇತ್ತು, ಟೇಪಿಗೆ 5 ಡಾಲರ್. ಇದೇ ಕೆಲಸವನ್ನು ಯಂತ್ರದಲ್ಲಿ ಮಾಡಲು ನಮ್ಮೂರಿನ ಅಂಗಡಿಯಲ್ಲಿ 40 ಡಾಲರ್ ಕೇಳಿದ್ದರು.

ಆತುರ ಮಾತ್ರ ಬೇಡ. ಕುದಿಯುವ ನೀರು, ಅಡುಗೆಯ ಓವನ್ ಎರಡೂ ಅಪಾಯ. ಅತಿ ಶಾಖಕ್ಕೆ ಚೆಂಡು ಬಿರುಕು ಬಿಟ್ಟರೆ ಸರಿಮಾಡುವುದು ಕಷ್ಟ, 180 ಡಾಲರ್ ನೀರಿನಲ್ಲಿ ಹೋಮ. ಗ್ಯಾರಂಟಿ ಇದ್ದರೆ ಮೊದಲು ಆ ಕಾಗದ ಓದಿ. ತೂತಿನೊಳಗೆ ನೀರು ನಿಂತರೂ ಕೆಡುಕೇ.

ಈಗ ಪ್ರತಿ ಎಸೆತದ ನಂತರ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸುತ್ತೇನೆ. ಆಟ ಮುಗಿದ ಕೂಡಲೇ, ಚೆಂಡಿನ ಬಿಸಿ ಆರುವ ಮೊದಲೇ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಉಜ್ಜುತ್ತೇನೆ. ಬಿಸಿನೀರಿನ ಸ್ನಾನ ಐವತ್ತು ಆಟಕ್ಕೊಮ್ಮೆ. ಬೌಲಿಂಗ್ ಸೆಂಟರಿನವರು ಕೊಡುವ ಪ್ಲಾಸ್ಟಿಕ್ ಚೆಂಡಿನಲ್ಲಿ ಆಡುವವರಿಗೆ ಈ ಯಾವ ತಾಪತ್ರಯವೂ ಇಲ್ಲ, ಅದು ಎಣ್ಣೆ ಕುಡಿಯುವುದಿಲ್ಲ. ಸ್ವಂತ ಚೆಂಡಿದ್ದವರು ಹೊಸದಕ್ಕೆ ದುಡ್ಡು ತೆಗೆಯುವ ಮುನ್ನ ಒಂದು ಬಕೆಟ್ ಬಿಸಿನೀರು ಕಾಯಿಸಿ ನೋಡಿ.